ಉದ್ದದ ಇಂಗ್ಲಿಷ್ ಪದವನ್ನು ಎಲ್ಲಿ ಬಿಡಿಸಬೇಕು: ಪ್ರಸ್ತಾರದ ದಾರಿಯೋ, ಸಂಧಿಯ ದಾರಿಯೋ?

ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಹುಡುಗಿಯೊಬ್ಬಳು ಹೋದ ವರ್ಷ ಮಳೆಗಾಲದಲ್ಲಿ ತನ್ನ ಜೀವಶಾಸ್ತ್ರದ ಪಠ್ಯಪುಸ್ತಕವನ್ನು ನನ್ನ ಮುಂದೆ ಬಿಡಿಸಿಟ್ಟಳು. ಪುಟದ ತುಂಬ, ಪ್ರತಿಯೊಂದು ಉದ್ದದ ಪದದ ನೆತ್ತಿಯ ಮೇಲೆ, ಪೆನ್ಸಿಲಿನಲ್ಲಿ ಕನ್ನಡ ಅಕ್ಷರ: ಪ್ಲಾಟಿಹೆಲ್ಮಿಂಥಿಸ್, ಎಕೈನೊಡರ್ಮೇಟ, ಫೋಟೋಸಿಂಥೆಸಿಸ್. ಓದು ಎಂದರೆ ಸರಾಗವಾಗಿ ಓದಿದಳು. ಪುಸ್ತಕ ಮುಚ್ಚಿ ಅದನ್ನೇ ಇಂಗ್ಲಿಷಿನಲ್ಲಿ ಬರೆ ಎಂದರೆ ಎರಡಕ್ಷರ ಬರೆದು ಪೆನ್ನು ನಿಂತಿತು. "ಮೇಡಂ, ಇಷ್ಟುದ್ದದ ಪದವನ್ನು ಎಲ್ಲಿ ಹಿಡಿದುಕೊಳ್ಳಬೇಕು ಎನ್ನುವುದೇ ಗೊತ್ತಾಗುವುದಿಲ್ಲ" ಎಂದಳು.

ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಉದ್ದದ ಪದವನ್ನು ಇಡಿಯಾಗಿ ನುಂಗಲು ಯಾರಿಗೂ ಆಗುವುದಿಲ್ಲ. ತುಂಡು ಮಾಡಲೇಬೇಕು. ಆದರೆ ತುಂಡು ಮಾಡುವುದಕ್ಕೆ ಬೇರೆ ಬೇರೆ ಕ್ರಮಗಳಿವೆ. ಒಂದೊಂದು ಕ್ರಮವೂ ಪದವನ್ನು ಒಂದೊಂದು ಜಾಗದಲ್ಲಿ ಕಡಿಯುತ್ತದೆ, ಒಂದೊಂದು ಕೆಲಸಕ್ಕೆ ಒದಗುತ್ತದೆ. ಮಕ್ಕಳಿಗೆ ಮನೆಯಲ್ಲಿ ಪಾಠ ಹೇಳಿಕೊಡುವ ತಂದೆತಾಯಿಗೆ, ಹಳ್ಳಿಯ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವವರಿಗೆ, ಸ್ವಂತವಾಗಿ ಓದಿಕೊಳ್ಳುವ ವಿದ್ಯಾರ್ಥಿಗೆ ಯಾವುದನ್ನು ಯಾವಾಗ ಹಿಡಿಯಬೇಕು ಎಂದು ತಿಳಿಯಲಿ ಎಂಬ ಆಸೆಯಿಂದ ಇವುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತಿದ್ದೇನೆ. ನನ್ನ ಒಲವು ಯಾವ ಕಡೆಗೆ ಎಂಬುದನ್ನೂ ಮುಚ್ಚಿಡುವುದಿಲ್ಲ. ನಮ್ಮ ಕನ್ನಡ ವ್ಯಾಕರಣದ ಪಾಠದಲ್ಲೇ ಇದಕ್ಕೆ ಬೇಕಾದ ಎರಡು ಒಳ್ಳೆಯ ಉಪಕರಣಗಳಿವೆ: ಒಂದು ಪ್ರಸ್ತಾರ, ಎಂದರೆ ಪದ್ಯದ ಅಕ್ಷರಗಳ ಮೇಲೆ ಗುರು (–), ಲಘು (∪) ಗುರುತು ಹಾಕುವುದು; ಇನ್ನೊಂದು ಸಂಧಿ ಬಿಡಿಸುವುದು. ಕನ್ನಡ ಮಾಧ್ಯಮದ ಮಗು ಬರಿಗೈಯಲ್ಲಿ ಇಂಗ್ಲಿಷಿಗೆ ಬರುತ್ತದೆ ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ.

ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು

ಮೊದಲು ಆ ಹುಡುಗಿಯ ಪೆನ್ಸಿಲ್ ಕ್ರಮವನ್ನೇ ನೋಡೋಣ. ಇದನ್ನು ಕಂಡರೆ ಗದರುವ ಶಿಕ್ಷಕರಿದ್ದಾರೆ. ಗದರಬಾರದು. ಇದರಲ್ಲಿ ಒಂದು ನಿಜವಾದ ಲಾಭವಿದೆ. ಎಲೆಕ್ಟ್ರಿಸಿಟಿ ಎಂದು ಬರೆದು ನೋಡಿ: ಎ, ಲೆ, ಕ್ಟ್ರಿ, ಸಿ, ಟಿ. ಸ್ವರವಿರುವ ಅಕ್ಷರಗಳು ಐದು. ಇಂಗ್ಲಿಷಿನಲ್ಲಿ ಆ ಪದದ ಸಿಲಬಲ್‌ಗಳೂ ಐದೇ. ಸಿಲಬಲ್ ಎಂದರೆ ಒಂದು ಸ್ವರವನ್ನು ನಡುವೆ ಇಟ್ಟುಕೊಂಡು ಒಂದೇ ಉಸಿರಿನ ತಟ್ಟಿನಲ್ಲಿ ಹೊರಡುವ ಉಚ್ಚಾರಣೆಯ ತುಣುಕು. ಕನ್ನಡದ ಲಿಪಿ ಸ್ವರವನ್ನು ಬಿಟ್ಟು ಅಕ್ಷರ ಬರೆಯಲು ಬಿಡುವುದಿಲ್ಲವಾದ್ದರಿಂದ ಎಣಿಕೆ ತಾನಾಗಿಯೇ ಸರಿಯಾಗುತ್ತದೆ. ಕೊನೆಯಲ್ಲಿ ಅರ್ಧಾಕ್ಷರವಿದ್ದರೆ ಅದನ್ನು ಎಣಿಸದಿದ್ದರಾಯಿತು.

ಆದರೆ ಎಣಿಕೆ ಸಿಕ್ಕಿತೇ ಹೊರತು ಗಡಿ ಸಿಗಲಿಲ್ಲ. ನಮ್ಮ ಒತ್ತಕ್ಷರ ಹಿಂದಿನ ವ್ಯಂಜನವನ್ನು ಎಳೆದು ಮುಂದಿನ ಅಕ್ಷರಕ್ಕೆ ಅಂಟಿಸುತ್ತದೆ. 'ಲೆಕ್' ಎಂಬ ತುಂಡಿನ 'ಕ್' ಬರವಣಿಗೆಯಲ್ಲಿ 'ಕ್ಟ್ರಿ' ಒಳಗೆ ಹೋಗಿ ಸೇರುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಕಾಗುಣಿತದ್ದು. ಶಾಲೆಯ ಮುಖ್ಯಸ್ಥರನ್ನು ಸೂಚಿಸುವ ಪ್ರಿನ್ಸಿಪಲ್, ತತ್ವವನ್ನು ಸೂಚಿಸುವ ಪ್ರಿನ್ಸಿಪಲ್, ಎರಡೂ ಕನ್ನಡದಲ್ಲಿ ಒಂದೇ. ಇಂಗ್ಲಿಷಿನಲ್ಲಿ ಒಂದು ಎ-ಎಲ್‌ನಿಂದ ಮುಗಿಯುತ್ತದೆ, ಇನ್ನೊಂದು ಎಲ್-ಇಯಿಂದ. ಇನ್ನೂ ಒಂದು ನಷ್ಟ ಬೇಗ ಕಣ್ಣಿಗೆ ಬೀಳುವುದಿಲ್ಲ: ಪದಗಳ ಬಳಗವೇ ಚದುರಿಹೋಗುತ್ತದೆ. ಸೈನ್ ಮತ್ತು ಸಿಗ್ನೇಚರ್, ಹೀಲ್ ಮತ್ತು ಹೆಲ್ತ್, ನೇಷನ್ ಮತ್ತು ನ್ಯಾಷನಲ್, ಮ್ಯಾಜಿಕ್ ಮತ್ತು ಮೆಜಿಷಿಯನ್: ಇವನ್ನು ಕನ್ನಡದಲ್ಲಿ ಬರೆದಾಗ ಜೋಡಿಗಳ ನಂಟು ಮಸುಕಾಗುತ್ತದೆ. ಇಂಗ್ಲಿಷ್ ಕಾಗುಣಿತದಲ್ಲಿ ಆ ನಂಟು ಹಾಗೆಯೇ ಉಳಿದಿರುತ್ತದೆ. ಸೈನ್ ಪದದಲ್ಲಿ ಉಚ್ಚಾರವಾಗದ 'ಜಿ' ಸುಮ್ಮನೆ ಕುಳಿತಿಲ್ಲ. ಅದು ಸಿಗ್ನೇಚರ್ ಪದದ ಒಡಹುಟ್ಟು ಎಂದು ಹೇಳುತ್ತಿದೆ.

ಹೀಗಾಗಿ ಮೊದಲ ಸಲ ಒಂದು ಪದವನ್ನು ಬಾಯಿಗೆ ತಂದುಕೊಳ್ಳಲು ಈ ಕ್ರಮ ಸಾಕು. ಎರಡನೆಯ ವಾರವೂ ಅದೇ ಪೆನ್ಸಿಲ್ ಗುರುತು ಉಳಿದಿದ್ದರೆ ಅದು ಊರುಗೋಲಾಗಿ ಅಂಟಿಕೊಂಡಿದೆ ಎಂದರ್ಥ. ಅಳಿಸಿಬಿಡಿ.

ಸಿಲಬಲ್: ಪ್ರಸ್ತಾರ ಹಾಕಿದವರಿಗೆ ಇದು ಹೊಸದಲ್ಲ

ಇಂಗ್ಲಿಷ್ ಶಾಲೆಗಳಲ್ಲಿ ಚಪ್ಪಾಳೆ ತಟ್ಟಿಸಿ ಸಿಲಬಲ್ ಎಣಿಸುತ್ತಾರೆ. ನಮ್ಮ ಮಕ್ಕಳಿಗೆ ಇದನ್ನು ಹಾಗೆಯೇ ತಂದರೆ ಎಡವುತ್ತದೆ. ಕನ್ನಡದ ನಾಲಿಗೆ ವ್ಯಂಜನದಲ್ಲಿ ಪದ ನಿಲ್ಲಿಸಲು ಒಪ್ಪುವುದಿಲ್ಲ. ಬಸ್ ಎಂಬುದು ಬಸ್ಸು ಆಗುತ್ತದೆ, ಕಾರ್ ಕಾರು ಆಗುತ್ತದೆ. ಮಗು ಬಸ್ಸು ಎಂದು ಎರಡು ಚಪ್ಪಾಳೆ ತಟ್ಟುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಒಂದೇ. ಫಿಲ್ಮ್ ನಮ್ಮಲ್ಲಿ ಫಿಲಂ ಆಗಿ ಎರಡಾಗುತ್ತದೆ. ಚಪ್ಪಾಳೆಗಿಂತ ಸ್ವರ ಎಣಿಸುವುದು ನಮಗೆ ಸುಲಭ: ಕೇಳಿಸುವ ಸ್ವರ ಎಷ್ಟೋ ಅಷ್ಟು ಸಿಲಬಲ್. ಬರೆದಿರುವ ಸ್ವರಾಕ್ಷರ ಎಷ್ಟು ಎಂದಲ್ಲ, ಕೇಳಿಸುವುದು ಎಷ್ಟು ಎಂದು. ಸ್ಟ್ರೆಂತ್ ಪದದಲ್ಲಿ ವ್ಯಂಜನಾಕ್ಷರಗಳ ದಂಡೇ ಇದೆ, ಕೇಳುವ ಸ್ವರ ಒಂದೇ, ಸಿಲಬಲ್ ಒಂದೇ.

ಎಣಿಸಿದ ಮೇಲೆ ಗಡಿ ಗುರುತಿಸಬೇಕಲ್ಲ, ಅಲ್ಲಿ ಛಂದಸ್ಸಿನ ಪಾಠ ನೆರವಿಗೆ ಬರುತ್ತದೆ. 'ಕನ್ನಡ' ಎಂಬ ಪದಕ್ಕೆ ಪ್ರಸ್ತಾರ ಹಾಕುವಾಗ 'ಕ' ಎಂಬ ಹ್ರಸ್ವಾಕ್ಷರವನ್ನು ಗುರು ಎಂದು ಗುರುತಿಸುತ್ತೇವೆ. ಏಕೆ? ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ನಿಯಮ ಎಲ್ಲರಿಗೂ ಬಾಯಿಪಾಠ. ಅದರ ಕಾರಣವನ್ನು ಮಾತ್ರ ತರಗತಿಯಲ್ಲಿ ಅಪರೂಪಕ್ಕೆ ಹೇಳುತ್ತಾರೆ. ಬಾಯಲ್ಲಿ ಹೇಳುವಾಗ ಆ ಪದ ಕನ್-ನ-ಡ ಎಂದು ಒಡೆಯುತ್ತದೆ. 'ನ್' ಬರಹದಲ್ಲಿ ಮುಂದಿನ ಅಕ್ಷರದ ಜೊತೆಗಿದ್ದರೂ ಉಚ್ಚಾರಣೆಯಲ್ಲಿ ಹಿಂದಿನದನ್ನು ಮುಚ್ಚುತ್ತದೆ, ಮುಚ್ಚಿದ್ದರಿಂದ ಅದು ಭಾರವಾಗುತ್ತದೆ. ಇಂಗ್ಲಿಷಿನ ಓದು ಕಲಿಸುವವರು ಮುಚ್ಚಿದ ಸಿಲಬಲ್ ಎನ್ನುವುದು ಇದನ್ನೇ. ನ್ಯಾಪ್-ಕಿನ್, ಡಾಕ್-ಟರ್, ನಂ-ಬರ್: ಎರಡು ಸ್ವರಗಳ ನಡುವೆ ಎರಡು ವ್ಯಂಜನಗಳಿದ್ದರೆ ನಡುವೆ ಕಡಿಯುವುದು. ಪ್ರಸ್ತಾರ ಹಾಕಿದ ಮಗುವಿಗೆ ಈ ನಿಯಮವನ್ನು ಒಂದೇ ವಾಕ್ಯದಲ್ಲಿ ಹೇಳಿಕೊಡಬಹುದು.

ಇಲ್ಲೊಂದು ಎಚ್ಚರಿಕೆ. ಟಿ-ಎಚ್, ಎಸ್-ಎಚ್, ಸಿ-ಎಚ್, ಪಿ-ಎಚ್ ಜೋಡಿಗಳು ಕಣ್ಣಿಗೆ ಎರಡಾದರೂ ಕಿವಿಗೆ ಒಂದು. 'ಥ' ಅಕ್ಷರವನ್ನು ನಾವು 'ತ' ಮತ್ತು 'ಹ' ಎಂದು ಒಡೆಯುವುದಿಲ್ಲವಷ್ಟೆ, ಹಾಗೆಯೇ ಫಾದರ್ ಪದದ ಟಿ-ಎಚ್ ನಡುವೆಯೂ ಕಡಿಯುವುದಿಲ್ಲ.

ಒಂದೇ ವ್ಯಂಜನ ನಡುವೆ ಬಂದಾಗ ಈ ಕ್ರಮ ಸಡಿಲವಾಗುತ್ತದೆ. ವ್ಯಂಜನ ಮುಂದಿನ ತುಂಡಿಗೆ ಹೋದರೆ ಹಿಂದಿನ ಸ್ವರ ತೆರೆದುಕೊಂಡು ತನ್ನ ಹೆಸರಿನ ದನಿಯನ್ನೇ ಕೊಡುತ್ತದೆ: ಪೇ-ಪರ್, ಟೈ-ಗರ್, ಮ್ಯೂ-ಸಿಕ್. ಹಿಂದಿನ ತುಂಡಿಗೇ ಉಳಿದರೆ ಸ್ವರ ಮೊಟಕಾಗುತ್ತದೆ: ಪ್ಲ್ಯಾನ್-ಎಟ್, ರಿವ್-ಅರ್, ಸ್ಟಡ್-ಇ. ಯಾವ ಪದ ಯಾವ ಗುಂಪಿಗೆ ಎಂದು ಕಾಗುಣಿತ ನೋಡಿ ಹೇಳಲು ಬರುವುದಿಲ್ಲ. ಅಮೆರಿಕದ ಓದಿನ ಸಂಶೋಧಕ ಡೆವಿನ್ ಕರ್ನ್ಸ್ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾವಿರಾರು ಪದಗಳ ಮೇಲೆ ಈ ನಿಯಮಗಳನ್ನು ಒರೆಹಚ್ಚಿ ನೋಡಿದ್ದಾರೆ. ಎರಡು ವ್ಯಂಜನಗಳ ನಡುವೆ ಕಡಿಯುವ ನಿಯಮ ಚಿಕ್ಕ ಪದಗಳಲ್ಲಿ ಸಾಕಷ್ಟು ನಂಬಿಕೆಗೆ ಅರ್ಹ, ಒಂಟಿ ವ್ಯಂಜನವನ್ನು ಮುಂದಕ್ಕೆ ತಳ್ಳುವ ನಿಯಮ ಅಷ್ಟು ನಂಬಿಕೆಗೆ ಅರ್ಹವಲ್ಲ, ಪದ ಉದ್ದವಾದಷ್ಟೂ ಇನ್ನೂ ದುರ್ಬಲ ಎಂಬುದು ಅದರ ತಿರುಳು. ಅಂದರೆ ಯಾವ ಉದ್ದದ ಪದಗಳಿಗಾಗಿ ನಾವು ನಿಯಮ ಹುಡುಕುತ್ತೇವೋ ಅಲ್ಲೇ ನಿಯಮ ಕೈಕೊಡುತ್ತದೆ. ಮಗುವಿಗೆ ಹೀಗೆ ಹೇಳಿಕೊಟ್ಟರೆ ಸಾಕು: ಒಂದು ರೀತಿಯಲ್ಲಿ ಓದಿ ನೋಡು, ಗೊತ್ತಿರುವ ಪದ ಕೇಳಿಸದಿದ್ದರೆ ಇನ್ನೊಂದು ರೀತಿಯಲ್ಲಿ ಓದು.

ಇಂಗ್ಲಿಷ್ ಮಾತಾಡುವವರಲ್ಲೇ ಈ ಗಡಿಯ ಬಗ್ಗೆ ಜಗಳವಿತ್ತು. ಹಳೆಯ ಕಾಗುಣಿತ ಪುಸ್ತಕಗಳು ಹ್ಯಾಬಿಟ್ ಪದವನ್ನು ಎಚ್-ಎ ಆದ ಮೇಲೆ ಕಡಿಯುತ್ತಿದ್ದವು. ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್ ತಮ್ಮ 1783ರ ಕಾಗುಣಿತ ಪುಸ್ತಕದಲ್ಲಿ ಕಿವಿಯ ಮಾತನ್ನು ಕೇಳಬೇಕು ಎಂದು ಹಟ ಹಿಡಿದು ಹ್ಯಾಬ್-ಇಟ್ ಎಂದು ಕಡಿದರು. ಟಿ-ಐ-ಓ-ಎನ್ ಎಂಬ ಬಾಲವನ್ನು ಹಿಂದಿನವರು ಎರಡು ತುಂಡಾಗಿ ಒಡೆಯುತ್ತಿದ್ದರೆ ಅವರು ಅದನ್ನು ಒಂದೇ ಸಿಲಬಲ್ ಎಂದರು. ನಾವು ಅದನ್ನು 'ಷನ್' ಎಂದು ಒಂದೇ ತುಂಡಾಗಿ ಹೇಳುವುದೂ ಆ ಎಣಿಕೆಗೆ ಹೊಂದುತ್ತದೆ.

ಗಡಿ ಗುರುತಿಸಿದ ಮೇಲೂ ಒಂದು ಕೆಲಸ ಬಾಕಿ. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಸಮನಾದ ಒತ್ತು. ಇಂಗ್ಲಿಷಿನಲ್ಲಿ ಒಂದು ಸಿಲಬಲ್ ಎದ್ದು ನಿಲ್ಲುತ್ತದೆ, ಉಳಿದವು ಮಸುಕಾಗುತ್ತವೆ. ನಾನು ಪ್ರಸ್ತಾರದ ಗುರುತನ್ನೇ ಇದಕ್ಕೆ ಬಳಸುತ್ತೇನೆ, ಒತ್ತು ಬೀಳುವಲ್ಲಿ ಗುರು, ಉಳಿದಲ್ಲಿ ಲಘು:

ಫೋಟೋಗ್ರಾಫ್: – ∪ ∪
ಫೊಟಾಗ್ರಫರ್: ∪ – ∪ ∪
ಫೋಟೋಗ್ರಾಫಿಕ್: ∪ ∪ – ∪

ಮಕ್ಕಳು ಇದನ್ನು ಗಣ ವಿಂಗಡಿಸಿದ ಹಾಗೆ ಖುಷಿಯಿಂದ ಮಾಡುತ್ತಾರೆ. ಇಲ್ಲಿ ಗುರು ಎಂದರೆ ಮಾತ್ರೆಯ ಅಳತೆಯಲ್ಲ, ದನಿಯ ಏರು ಎಂದು ಒಮ್ಮೆ ಸ್ಪಷ್ಟವಾಗಿ ಹೇಳಬೇಕು. ಜೊತೆಗೆ ಒಂದು ಉಪಯುಕ್ತ ಸೂತ್ರ: ಷನ್, ಇಕ್, ಇಟಿ ಎಂಬ ಬಾಲಗಳಿದ್ದರೆ ಒತ್ತು ಸಾಮಾನ್ಯವಾಗಿ ಬಾಲದ ಹಿಂದಿನ ಸಿಲಬಲ್ ಮೇಲೆ. ಎಜುಕೇಷನ್ ಪದದಲ್ಲಿ 'ಕೇ', ಯೂನಿವರ್ಸಿಟಿಯಲ್ಲಿ 'ವರ್', ಎಲೆಕ್ಟ್ರಿಸಿಟಿಯಲ್ಲಿ 'ಟ್ರಿ'. ಅರೇಬಿಕ್, ಪಾಲಿಟಿಕ್ಸ್‌ನಂಥ ಅಪವಾದಗಳು ಕೈಬೆರಳೆಣಿಕೆಯಷ್ಟು ಸಿಗುತ್ತವೆ.

ಪದಭಾಗಗಳು: ಸಂಧಿ ಬಿಡಿಸಿದ ಕೈಗೆ ಇದು ಪರಿಚಿತ ಕೆಲಸ

ನನ್ನ ಒಲವು ಇಲ್ಲಿದೆ. ಪದದ ಮುಂದಿನ ಉಪಸರ್ಗ, ನಡುವಿನ ಧಾತು, ಹಿಂದಿನ ಪ್ರತ್ಯಯ, ಹೀಗೆ ಅರ್ಥದ ಕೀಲುಗಳಲ್ಲಿ ಪದವನ್ನು ಬಿಡಿಸುವುದು ಈ ಕ್ರಮ.

ಆ ಹುಡುಗಿಗೆ ನಾನು ಮೊದಲು ಕೇಳಿದ್ದು ಫೋಟೋಸಿಂಥೆಸಿಸ್ ಪದಕ್ಕೆ ಅವಳ ಹತ್ತನೇ ತರಗತಿಯ ಪುಸ್ತಕದಲ್ಲಿ ಏನಿತ್ತು ಎಂದು. "ದ್ಯುತಿಸಂಶ್ಲೇಷಣೆ" ಎಂದಳು ಥಟ್ಟನೆ. ಎರಡನ್ನೂ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದೆ. ಫೋಟೋ ಎಂದರೆ ಬೆಳಕು, ದ್ಯುತಿ ಎಂದರೂ ಬೆಳಕು. ಸಿನ್ ಎಂದರೆ ಜೊತೆಗೂಡಿ, ಸಂ ಎಂದರೂ ಅದೇ. ಥೆಸಿಸ್ ಎಂದರೆ ಇಡುವುದು, ಸೇರಿಸಿಡುವುದು. ಶ್ಲೇಷಣೆ ಎಂದರೆ ಅಂಟಿಸುವುದು. ತುಂಡಿಗೆ ತುಂಡು ಹೊಂದಿಕೊಂಡು ಕೂತಿತು. ಕನ್ನಡದ ಪಾರಿಭಾಷಿಕ ಪದಗಳನ್ನು ಕಟ್ಟಿದವರು ಗ್ರೀಕ್ ಮತ್ತು ಲ್ಯಾಟಿನ್ ಪದಗಳ ಕೀಲನ್ನು ನೋಡಿಯೇ ಹಲವು ಪದಗಳನ್ನು ಕಟ್ಟಿದ್ದಾರೆ. ಆರ್ಥ್ರೊಪೊಡ ಎಂದರೆ ಸಂಧಿಪದಿ: ಆರ್ಥ್ರೊ ಕೀಲು, ಪೊಡ ಕಾಲು. ಮೊಣಕಾಲಿನ ಆರ್ಥ್ರೈಟಿಸ್ ಎಂಬ ಪದದಲ್ಲಿರುವುದೂ ಅದೇ ಕೀಲು. ಎಕೈನೊಡರ್ಮೇಟ ಎಂದರೆ ಕಂಟಕಚರ್ಮಿ: ಮುಳ್ಳು ಮತ್ತು ಚರ್ಮ. ಚರ್ಮದ ವೈದ್ಯರ ನಾಮಫಲಕದಲ್ಲಿರುವ ಡರ್ಮಟಾಲಜಿಯಲ್ಲಿ ಆ ಡರ್ಮ ಮತ್ತೆ ಕಾಣಿಸುತ್ತದೆ. ಥರ್ಮಾಮೀಟರ್ ಉಷ್ಣಮಾಪಕ, ಮೈಕ್ರೋಸ್ಕೋಪ್ ಸೂಕ್ಷ್ಮದರ್ಶಕ, ಟೆಲಿಸ್ಕೋಪ್ ದೂರದರ್ಶಕ. ಕನ್ನಡ ಮಾಧ್ಯಮದಲ್ಲಿ ಓದಿದ್ದು ನಷ್ಟವಾಯಿತು ಎಂದು ಕುಗ್ಗಿದ್ದ ಹುಡುಗಿ ಅಂದು ತನ್ನ ಹಳೆಯ ಪಠ್ಯಪುಸ್ತಕವನ್ನು ಅಟ್ಟದಿಂದ ಇಳಿಸಿಕೊಂಡಳು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಜಿಮ್ನೋಸ್ಪರ್ಮ್ ಎಂಬುದು ಹಲವೊಮ್ಮೆ ಬರೀ ಸದ್ದು. ಅನಾವೃತ ಬೀಜ ಎಂದು ಓದಿ ಬಂದವಳಿಗೆ ಅದರ ಅರ್ಥ ಪದದೊಳಗೇ ಇದೆ.

ಅನಾವೃತ ಎಂದಾಗ ಇನ್ನೊಂದು ಮಾತು ಹೇಳಲೇಬೇಕು. ಸಂಸ್ಕೃತದಲ್ಲಿ 'ಇಲ್ಲ' ಎನ್ನುವ ಉಪಸರ್ಗ ವ್ಯಂಜನದ ಮುಂದೆ 'ಅ', ಸ್ವರದ ಮುಂದೆ 'ಅನ್': ಅಸತ್ಯ, ಅನಾರೋಗ್ಯ. ಗ್ರೀಕಿನಲ್ಲೂ ಇದೇ ನಿಯಮ, ಅಲ್ಲಿಂದ ಇಂಗ್ಲಿಷಿಗೆ ಬಂದ ಪದಗಳಲ್ಲೂ ಇದೇ. ಅನ್-ಏರೋಬಿಕ್ ಎಂದರೆ ಗಾಳಿ ಬೇಡದ್ದು, ಅನೀಮಿಯ ಎಂದರೆ ರಕ್ತದ ಕೊರತೆ. ಇದು ಕಾಕತಾಳೀಯವಲ್ಲ, ಎರಡೂ ಭಾಷೆಗಳ ಬೇರು ಒಂದೇ ಕುಲದ್ದು.

ಈಗ ಕಾಗುಣಿತಕ್ಕೆ ಬರೋಣ. ಪದಭಾಗಗಳು ಸೇರುವಾಗ ಇಂಗ್ಲಿಷಿನಲ್ಲಿ ಆಗುವ ಬದಲಾವಣೆಗಳನ್ನು ಮಕ್ಕಳು ಒಂದೊಂದಾಗಿ ಉರುಹೊಡೆಯುತ್ತಾರೆ. ಅವುಗಳಿಗೆ ನಮ್ಮ ಬಳಿ ಹೆಸರುಗಳೇ ಇವೆ. ಕ್ರಿಯೇಟ್‌ಗೆ 'ಅಯನ್' ಬಾಲ ಸೇರಿ ಕ್ರಿಯೇಷನ್ ಆಗುವಾಗ ಕೊನೆಯ 'ಇ' ಬಿದ್ದುಹೋಗುತ್ತದೆ: ಊರು, ಅಲ್ಲಿ ಸೇರಿ ಊರಲ್ಲಿ ಆದ ಹಾಗೆ, ಲೋಪ. ರನ್‌ಗೆ 'ಇಂಗ್' ಸೇರುವಾಗ ಇನ್ನೊಂದು 'ಎನ್' ಬಂದು ಕೂರುತ್ತದೆ: ಮನೆ, ಅನ್ನು ಸೇರುವಾಗ 'ಯ' ಬಂದ ಹಾಗೆ, ಆಗಮ. ಹ್ಯಾಪಿಗೆ 'ನೆಸ್' ಸೇರುವಾಗ 'ವೈ' ಹೋಗಿ 'ಐ' ಬರುತ್ತದೆ: ಮಳೆ, ಕಾಲ ಸೇರಿ ಮಳೆಗಾಲ ಆದ ಹಾಗೆ, ಆದೇಶ. ಪ್ರತ್ಯಯ ಸೇರಿಸುವಾಗಿನ ಮುಖ್ಯ ಕಾಗುಣಿತ ನಿಯಮಗಳು ಈ ಮೂರರಲ್ಲೇ ಅಡಗುತ್ತವೆ. ಲೋಪ, ಆಗಮ, ಆದೇಶ ಎಂದು ಎಂಟನೆಯ ತರಗತಿಯ ಮಗುವಿಗೆ ಹೇಳಿದರೆ ಅದು ತಲೆಯಾಡಿಸುತ್ತದೆ, ಏಕೆಂದರೆ ಗೂಡುಗಳು ಆಗಲೇ ಸಿದ್ಧವಾಗಿವೆ.

ಆಗಮದ ಉದ್ದೇಶ ಮಾತ್ರ ಬೇರೆ. ನಮ್ಮಲ್ಲಿ ಎರಡು ಸ್ವರಗಳು ಡಿಕ್ಕಿಯಾಗದಂತೆ 'ಯ', 'ವ' ಬರುತ್ತವೆ. ಇಂಗ್ಲಿಷಿನಲ್ಲಿ ಹಿಂದಿನ ಸ್ವರ ಮೊಟಕಾಗಿಯೇ ಉಳಿಯಲಿ ಎಂದು ವ್ಯಂಜನ ಇಮ್ಮಡಿಯಾಗುತ್ತದೆ. ಕುಪ್ಪಳಿಸುವ ಹಾಪಿಂಗ್‌ಗೆ ಎರಡು 'ಪಿ', ಆಶಿಸುವ ಹೋಪಿಂಗ್‌ಗೆ ಒಂದು. ಬರೆಯುವಾಗ ಎರಡು, ಹೇಳುವಾಗ ಒಂದೇ. ನಾವು ಡಿನ್ನರ್, ಸಮ್ಮರ್ ಎಂದು ಒತ್ತಿ ಹೇಳುವುದು ಕನ್ನಡದ ಕಿವಿಯ ಅಭ್ಯಾಸ. ಬಿಗಿನ್‌ಗೆ 'ಇಂಗ್' ಸೇರಿಸಿದರೆ 'ಎನ್' ಇಮ್ಮಡಿಯಾಗುತ್ತದೆ, ವಿಸಿಟ್‌ಗೆ ಸೇರಿಸಿದರೆ 'ಟಿ' ಇಮ್ಮಡಿಯಾಗುವುದಿಲ್ಲ. ಮೊದಲನೆಯದರಲ್ಲಿ ಒತ್ತು ಕೊನೆಯ ಸಿಲಬಲ್ ಮೇಲಿದೆ, ಎರಡನೆಯದರಲ್ಲಿ ಮೊದಲನೆಯದರ ಮೇಲಿದೆ. ಇಂಥ ಕಡೆ ಪ್ರಸ್ತಾರವೂ ಸಂಧಿಯೂ ಕೈಜೋಡಿಸುತ್ತವೆ.

ಉಪಸರ್ಗದ ಕಡೆಯೂ ಸಂಧಿಯಿದೆ. 'ಇನ್' ಎಂಬ ನಿಷೇಧ ಲೀಗಲ್ ಮುಂದೆ 'ಇಲ್' ಆಗಿ ಇಲ್ಲೀಗಲ್ ಆಗುತ್ತದೆ, ಮೊಬೈಲ್ ಮುಂದೆ 'ಇಮ್', ರೆಗ್ಯುಲರ್ ಮುಂದೆ 'ಇರ್'. ತತ್, ಲೀನ ಸೇರಿ ತಲ್ಲೀನ. ಉತ್, ಲೇಖ ಸೇರಿ ಉಲ್ಲೇಖ. ಇಲ್ಲೀಗಲ್ ಪದಕ್ಕೆ ಎರಡು 'ಎಲ್' ಏಕೆ ಎಂದು ಕೇಳಿದ ಮಗುವಿಗೆ ತಲ್ಲೀನಕ್ಕೆ 'ಲ' ಒತ್ತು ಏಕೆ ಎಂದು ತಿರುಗಿ ಕೇಳಿ. ಒಂದು 'ಎಲ್' ಉಪಸರ್ಗದ್ದು, ಇನ್ನೊಂದು ಲೀಗಲ್‌ನದು ಎಂದು ಅದೇ ಹೇಳುತ್ತದೆ. ಆಮೇಲೆ ಆ ಪದದಲ್ಲಿ ಕಾಗುಣಿತ ತಪ್ಪುವುದಿಲ್ಲ.

ಈ ಕ್ರಮಕ್ಕೂ ಹಳ್ಳಕೊಳ್ಳಗಳಿವೆ. ಅಂಕಲ್ ಪದದ ಮೊದಲಲ್ಲಿರುವ ಯು-ಎನ್ ನಿಷೇಧವಲ್ಲ, ರೀಚ್ ಪದದ ಆರ್-ಇ 'ಮತ್ತೆ' ಎಂಬುದಲ್ಲ. ತುಂಡನ್ನು ತೆಗೆದ ಮೇಲೆ ಉಳಿದದ್ದಕ್ಕೆ ಅರ್ಥವಿದೆಯೇ, ಇಡೀ ಪದದ ಅರ್ಥಕ್ಕೆ ನಂಟಿದೆಯೇ ಎಂದು ಪ್ರತಿ ಸಲ ಕೇಳಿಕೊಳ್ಳಬೇಕು. ರಿಸೀವ್, ಡಿಸೀವ್, ಪರ್ಸೀವ್ ಪದಗಳಲ್ಲಿ ಉಳಿಯುವ 'ಸೀವ್' ಒಂಟಿಯಾಗಿ ಪದವಲ್ಲ, ಆದರೂ ನಿಜವಾದ ಧಾತು. ರಿಸೆಪ್ಷನ್, ಡಿಸೆಪ್ಷನ್, ಪರ್ಸೆಪ್ಷನ್ ಎಂದು ಬಳಗವಾಗಿ ನಡೆಯುವುದೇ ಅದಕ್ಕೆ ಸಾಕ್ಷಿ. ಇನ್ನು ಪೆಟ್ರೋಲ್ ಟ್ಯಾಂಕರಿನ ಬೆನ್ನ ಮೇಲೆ ಕಾಣುವ ಇನ್‌ಫ್ಲ್ಯಾಮಬಲ್ ಎಂಬ ಪದ. ಇದರ 'ಇನ್' ನಿಷೇಧ ಎಂದುಕೊಂಡರೆ ಬೆಂಕಿ ಹತ್ತುವುದಿಲ್ಲ ಎಂದಾಗುತ್ತದೆ. ಅರ್ಥ ತದ್ವಿರುದ್ಧ. ಇಲ್ಲಿ 'ಇನ್' ಎಂದರೆ ಒಳಗೆ. ಜ್ವಾಲೆ ಒಳಹೊಕ್ಕು ಥಟ್ಟನೆ ಉರಿಯುವಂಥದ್ದು. ಹೈಪರ್ ಮತ್ತು ಹೈಪೋ ಇನ್ನೊಂದು ಜೋಡಿ. ಒಂದು ಹೆಚ್ಚು, ಇನ್ನೊಂದು ಕಡಿಮೆ. ರಕ್ತದೊತ್ತಡದ ವರದಿಯಲ್ಲಿ ಈ ಎರಡನ್ನು ಅದಲುಬದಲಾಗಿ ಓದುವುದು ಸಣ್ಣ ತಪ್ಪಲ್ಲ. ಪದಭಾಗ ಕಲಿಸಲು ಹೊರಟವರು ಮೊದಲ ದಿನವೇ ಈ ಜೋಡಿಯನ್ನು ಕಲಿಸಬೇಕು ಎಂಬುದು ನನ್ನ ಪಟ್ಟು.

ಒಂದೇ ಪದದ ಮೇಲೆ ಎರಡು ಕತ್ತರಿ

ಹೆಲಿಕಾಪ್ಟರ್ ಪದವನ್ನು ನಾಲಿಗೆ ಹೆ-ಲಿ-ಕಾಪ್-ಟರ್ ಎಂದು ಒಡೆಯುತ್ತದೆ. ಅರ್ಥದ ಕೀಲು ಇರುವುದು ಬೇರೆಡೆ: ಹೆಲಿಕೊ ಎಂದರೆ ಸುರುಳಿ, ಪ್ಟರ್ ಎಂದರೆ ರೆಕ್ಕೆ. ಆ 'ಪ್ಟರ್' ನಮ್ಮ ಬಾಯಿಗೆ ಮೊದಲಕ್ಷರವಾಗಿ ಒಗ್ಗದ್ದರಿಂದ 'ಪ್' ಹಿಂದಿನ ತುಂಡಿಗೆ ಜಾರಿತು. ಇಂಗ್ಲಿಷ್ ಮಾತಾಡುವವರೇ ಆ ತಪ್ಪು ಗಡಿಯಲ್ಲಿ ಕಡಿದು ಕಾಪ್ಟರ್ ಎಂಬ ಹೊಸ ಪದ ಮಾಡಿಕೊಂಡರು, ಹೆಲಿಪ್ಯಾಡ್ ಕಟ್ಟಿಕೊಂಡರು. ಇಲ್ಲಿ ಸಿಲಬಲ್ ಓದಲು ನೆರವಾಗುತ್ತದೆ, ಪದಭಾಗ ಟೆರೊಡ್ಯಾಕ್ಟಿಲ್ ಎಂಬ ರೆಕ್ಕೆಯ ಪ್ರಾಚೀನ ಪ್ರಾಣಿಯ ಹೆಸರು ಏಕೆ ಉಚ್ಚಾರವಾಗದ 'ಪಿ'ಯಿಂದ ಶುರುವಾಗುತ್ತದೆ ಎಂದು ತಿಳಿಸುತ್ತದೆ.

ಎಣಿಕೆಯಲ್ಲೂ ದೊಡ್ಡ ಅಂತರವಿದೆ. ಆಸ್ಪತ್ರೆಯಲ್ಲಿ ಇಇಜಿ ಎನ್ನುವ ಪರೀಕ್ಷೆಯ ಪೂರ್ಣ ಹೆಸರು ಎಲೆಕ್ಟ್ರೋಎನ್‌ಸೆಫಲೋಗ್ರಾಮ್. ಸಿಲಬಲ್ ಎಂಟು, ಪದಭಾಗ ನಾಲ್ಕು: ಎಲೆಕ್ಟ್ರೋ ವಿದ್ಯುತ್ತು, ಎನ್ ಒಳಗೆ, ಸೆಫಲೋ ತಲೆ, ಗ್ರಾಮ್ ಬರಹ. ತಲೆಯೊಳಗಿನದರ ವಿದ್ಯುತ್ತಿನ ಬರಹ. ಇಸಿಜಿಯಲ್ಲಿ ನಡುವಿನದು ಕಾರ್ಡಿಯೊ, ಹೃದಯ. 1935ರಲ್ಲಿ ಅಮೆರಿಕದ ರಾಷ್ಟ್ರೀಯ ಒಗಟುಗಾರರ ಸಂಘದ ಅಧ್ಯಕ್ಷರು ಅತಿ ಉದ್ದದ ಪದವಾಗಲೆಂದೇ ಟಂಕಿಸಿದ 45 ಅಕ್ಷರಗಳ ಶ್ವಾಸಕೋಶದ ಕಾಯಿಲೆಯ ಹೆಸರೊಂದಿದೆ: ನ್ಯೂಮೊನೊ-ಅಲ್ಟ್ರಾ-ಮೈಕ್ರೊ-ಸ್ಕಾಪಿಕ್-ಸಿಲಿಕೊ-ವಾಲ್ಕೇನೊ-ಕೋನಿ-ಓಸಿಸ್. ಸಿಲಬಲ್ ಲೆಕ್ಕದಲ್ಲಿ ಹತ್ತೊಂಬತ್ತು ತುಂಡು, ಅರ್ಥದ ಲೆಕ್ಕದಲ್ಲಿ ಎಂಟು. ನೆನಪಿಟ್ಟುಕೊಳ್ಳಬೇಕಾದವರಿಗೆ ಹತ್ತೊಂಬತ್ತು ಸದ್ದುಗಳಿಗಿಂತ ಎಂಟು ಅರ್ಥಗಳು ಹಗುರ.

ಇನ್ನು ಕೆಲವು ಪದಗಳಲ್ಲಿ ಅರ್ಥದ ಕೀಲನ್ನು ಮೊದಲು ನೋಡದೆ ಉಚ್ಚಾರಣೆಯೇ ಸರಿಯಾಗುವುದಿಲ್ಲ. ಅವಘಡ ಎಂಬ ಅರ್ಥದ ಪದವನ್ನು ಎಸ್-ಎಚ್ ಜೋಡಿ ಕಂಡು ಮಿಶಾಪ್ ಎಂದು ಓದುವವರು ಬಹಳ. ಅದು ಮಿಸ್-ಹ್ಯಾಪ್. ಕುರುಬ ಎಂಬ ಅರ್ಥದ ಶೆಪರ್ಡ್ ಪದದಲ್ಲಿ ಪಿ-ಎಚ್ ಇದ್ದರೂ 'ಫ' ಇಲ್ಲ, ಏಕೆಂದರೆ ಅದು ಶೀಪ್ ಮತ್ತು ಹರ್ಡ್ ಸೇರಿ ಆದದ್ದು. ಇದಕ್ಕೆ ಎದುರು, ಭೂತಕಾಲದ ಇ-ಡಿ ಬಾಲದಲ್ಲಿ ಪದಭಾಗ ಒಂದೇ, ಕೇಳುವ ದನಿ ಮೂರು ಬಗೆ. ವಾಕ್ ಕ್ರಿಯೆಯ ಭೂತಕಾಲ ಒಂದೇ ಸಿಲಬಲ್, ವಾಂಟ್ ಕ್ರಿಯೆಯದು ಎರಡು. ಪದಭಾಗ ಮಾತ್ರ ಗೊತ್ತಿದ್ದವರು ವಾಕ್-ಎಡ್ ಎಂದು ಎರಡಾಗಿ ಓದಿಬಿಡುತ್ತಾರೆ.

ಒಳಗೆ ಅಡಗಿದ ಪುಟ್ಟ ಪದಗಳು, ನಿಘಂಟಿನ ಚುಕ್ಕೆಗಳು

ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ಬಂದ ಇನ್ನೊಂದು ಕ್ರಮವಿದೆ. ಟುಗೆದರ್ ಪದದಲ್ಲಿ ಟು-ಗೆಟ್-ಹರ್ ಕಾಣಿಸುವುದು, ಲೆಫ್ಟಿನೆಂಟ್ ಕಾಗುಣಿತಕ್ಕೆ ಲೈ-ಯು-ಟೆನ್-ಆಂಟ್ ಎಂದು ಹೇಳಿಕೊಳ್ಳುವುದು. ಒಂದು ಮೊಂಡು ಕಾಗುಣಿತವನ್ನು ನೆನಪಿಡಲು ಇದು ಒಳ್ಳೆಯದೇ, ಲೆಫ್ಟಿನೆಂಟ್ ಪದವನ್ನು ನಾನೂ ಹಾಗೆಯೇ ಕಲಿತೆ. ಅದನ್ನು ಪದ ಒಡೆಯುವ ಕ್ರಮವಾಗಿ ಕಲಿಸಿದರೆ ಹಾನಿ. ವೆಜಿಟೇಬಲ್, ಕಂಫರ್ಟಬಲ್ ಪದಗಳಲ್ಲಿ ಮಗುವಿನ ಕಣ್ಣು 'ಟೇಬಲ್' ಕಂಡುಕೊಳ್ಳುತ್ತದೆ. ಕಂಫರ್ಟ್‌ಗೆ 'ಏಬಲ್' ಸೇರಿದೆ ಎಂಬ ನಿಜವಾದ ಕೀಲು ಮರೆಯಾಗುತ್ತದೆ.

ನಿಘಂಟಿನಲ್ಲಿ ಪದದ ನಡುವೆ ಕಾಣುವ ಚುಕ್ಕೆಗಳನ್ನು ಸಿಲಬಲ್ ಗಡಿ ಎಂದು ಹಲವರು ನಂಬಿದ್ದಾರೆ. ಹಲವು ಅಮೆರಿಕನ್ ನಿಘಂಟುಗಳಲ್ಲಿ ಅವು ಮುದ್ರಣದಲ್ಲಿ ಸಾಲಿನ ಕೊನೆಗೆ ಪದ ಮುರಿಯಬಹುದಾದ ಜಾಗಗಳು, ಅಷ್ಟೆ. ಪದದ ಮೊದಲ ಒಂಟಿ ಅಕ್ಷರವನ್ನು ಸಾಲಿನ ಕೊನೆಯಲ್ಲಿ ಬಿಡಬಾರದೆಂದು ಅಲ್ಲಿ ಚುಕ್ಕೆ ಹಾಕದೆ ಇರುವುದೂ ಉಂಟು, ಸಿಲಬಲ್ ಅಲ್ಲಿದ್ದರೂ. ನಾಲೆಜ್ ಪದವನ್ನು ಅಮೆರಿಕದ ಮುದ್ರಕರು 'ಎಲ್' ಆದ ಮೇಲೆ ಮುರಿಯುತ್ತಾರೆ, ಬ್ರಿಟನ್ನಿನ ಹಳೆಯ ಸಂಪ್ರದಾಯದವರು 'ನೋ' ಎಂಬ ಧಾತು ಇಡಿಯಾಗಿ ಉಳಿಯಲೆಂದು 'ಎಲ್'ಗೆ ಮೊದಲೇ. ಉಚ್ಚಾರಣೆಗೆ ಚುಕ್ಕೆ ಬಿಟ್ಟು ಪಕ್ಕದ ಉಚ್ಚಾರಣಾ ಸಂಕೇತವನ್ನೇ ನೋಡಬೇಕು.

ಹಾಗಾದರೆ ಯಾರಿಗೆ ಯಾವುದು

ಒಂದರಿಂದ ನಾಲ್ಕನೇ ತರಗತಿಯ ಮಗುವಿಗೆ ಸಿಲಬಲ್ ಸಾಕು. ಅದರ ಎದುರಿಗೆ ಬರುವ ಪದಗಳು ಎರಡು ಮೂರು ತುಂಡಿನವು, ಅಲ್ಲಿ ನಡುವೆ ಕಡಿಯುವ ನಿಯಮ ಚೆನ್ನಾಗಿ ನಡೆಯುತ್ತದೆ. ಐದನೆಯ ತರಗತಿಯಿಂದ ಅನ್, ರಿ, ಡಿಸ್, ಫುಲ್, ಲೆಸ್, ನೆಸ್ ಮುಂತಾದ ಸರಳ ಪದಭಾಗಗಳನ್ನು ಒಂದೊಂದಾಗಿ ಸೇರಿಸಬಹುದು. ಪ್ರೌಢಶಾಲೆಗೆ ಬಂದು ಸಂಧಿ, ಪ್ರಸ್ತಾರ ಎರಡನ್ನೂ ಕನ್ನಡದಲ್ಲಿ ಕಲಿತ ಮೇಲೆ ಪದಭಾಗವೇ ಮುಂದೆ ಬರಲಿ, ಸಿಲಬಲ್ ಅದರ ಹಿಂದೆ ಬರಲಿ. ಪಿಯುಸಿ ವಿಜ್ಞಾನ, ನರ್ಸಿಂಗ್, ಔಷಧಶಾಸ್ತ್ರ ಓದುವವರಿಗೆ ನನ್ನ ಸಲಹೆಯಲ್ಲಿ ಎರಡು ಮಾತಿಲ್ಲ: ದಿನಕ್ಕೆ ಮೂರು ಗ್ರೀಕ್ ಅಥವಾ ಲ್ಯಾಟಿನ್ ಪದಭಾಗ, ಪ್ರತಿಯೊಂದರ ಎದುರು ಕನ್ನಡದ ಪಾರಿಭಾಷಿಕ ತುಂಡು. ಸ್ಪರ್ಧೆಯಲ್ಲಿ ಗಟ್ಟಿಯಾಗಿ ಓದಬೇಕಾದವರು, ಸಂದರ್ಶನಕ್ಕೆ ಹೋಗುವವರು ಒತ್ತಿನ ಗುರುತು ಹಾಕುವುದನ್ನು ಬಿಡಬಾರದು. ಪದಭಾಗ ಎಷ್ಟೇ ಗೊತ್ತಿದ್ದರೂ ಒತ್ತು ಎಲ್ಲಿ ಬೀಳುತ್ತದೆ ಎಂದು ಅದು ಯಾವಾಗಲೂ ಹೇಳುವುದಿಲ್ಲ.

ಹೊಸ ಪದ ಎದುರಾದಾಗ ನಾನು ಹೇಳಿಕೊಡುವ ಕ್ರಮ ಇದು. ರೆಸ್ಪಾನ್ಸಿಬಿಲಿಟಿ ಎಂದಿಟ್ಟುಕೊಳ್ಳಿ. ಮೊದಲು ಹಿಂದಿನಿಂದ ಸುಲಿಯಿರಿ: 'ಇಟಿ' ಭಾವವಾಚಕದ ಬಾಲ, ಅದನ್ನು ಬಿಡಿಸಿದರೆ 'ಇಬಲ್' ಎಂಬ ಬಾಲ 'ಇಬಿಲ್' ಆಗಿ ಆದೇಶ ಹೊಂದಿ ಕುಳಿತಿದೆ. ಅದನ್ನೂ ತೆಗೆದರೆ ರೆಸ್ಪಾನ್ಸ್, 'ಇ' ಲೋಪವಾಗಿದೆ. ಕಾಗುಣಿತ ಸಿಕ್ಕಿತು, ಅರ್ಥವೂ ಸಿಕ್ಕಿತು: ಉತ್ತರ ಕೊಡಬೇಕಾದ ಸ್ಥಿತಿ, ಜವಾಬ್ದಾರಿ. ಆಮೇಲೆ ಸ್ವರ ಎಣಿಸಿ, ಆರು. ಕೊನೆಯಲ್ಲಿ 'ಇಟಿ' ಇರುವುದರಿಂದ ಒತ್ತು ಅದರ ಹಿಂದಿನ 'ಬಿಲ್' ಮೇಲೆ. ಇಷ್ಟಕ್ಕೆ ಅರ್ಧ ನಿಮಿಷ ಸಾಕು.

ಆ ಹುಡುಗಿ ಈಗ ಎರಡನೆಯ ಪಿಯುಸಿ. ಅವಳ ಪುಸ್ತಕದಲ್ಲಿ ಪದಗಳ ನೆತ್ತಿಯ ಮೇಲೆ ಕನ್ನಡ ಲಿಪಿಯಿಲ್ಲ. ಪದದ ಕೆಳಗೆ ಕೀಲುಗಳಿರುವಲ್ಲಿ ಪೆನ್ಸಿಲಿನ ಸಣ್ಣ ಅಡ್ಡಗೆರೆಗಳಿವೆ, ಮೇಲೆ ಒಂದು ಗುರುವಿನ ಗುರುತು, ಅಂಚಿನಲ್ಲಿ ಹತ್ತನೇ ತರಗತಿಯ ಕನ್ನಡ ಪದ. ಮೊನ್ನೆ ಅವಳು ತಂದ ಪದ ಹೈಪೋಥೈರಾಯ್ಡಿಸಮ್. ಹೈಪೋ ಕೆಳಗಿನ ಗೆರೆಯನ್ನು ಎರಡು ಸಲ ಎಳೆದಿದ್ದಳು.